ಹಾಡಿಗೊಂದು ವೋಟು

ಆಸ್ಟ್ರೇಲಿಯಾದಲ್ಲಿ ನಾನು ಮೊಟ್ಟಮೊದಲು ಮತ ಹಾಕಿದ್ದು ಹತ್ತು ಹಾಡುಗಳಿಗೆ. ಪೌರತ್ವ ಆಗಿನ್ನೂ ದೂರದ ಮಾತು. ಈ ದೇಶದಲ್ಲಿ ಮತದಾನ ಕಡ್ಡಾಯ. 1924ರಲ್ಲಿ ಕಾನೂನು ಬಂದಾಗಿನಿಂದ ಒಕ್ಕೂಟದ ಚುನಾವಣೆಯಲ್ಲಿ ಮತ ಹಾಕದವರು ದಂಡ ಕಟ್ಟಬೇಕು. ಚುನಾವಣೆಯ ಶನಿವಾರ ಅಕ್ಕಪಕ್ಕದ ಮನೆಯವರೆಲ್ಲ ಶಾಲೆಯ ಅಂಗಳದಲ್ಲಿ ಸಾಲು ನಿಂತು, ಮತ ಹಾಕಿ, ಅಲ್ಲೇ ಸುಡುವ ಸಾಸೇಜನ್ನು ಬ್ರೆಡ್ಡಿನಲ್ಲಿ ಸುತ್ತಿಕೊಂಡು ತಿನ್ನುತ್ತ ಬರುತ್ತಿದ್ದರು. ತಾತ್ಕಾಲಿಕ ವೀಸಾದವರಾದ ನಾವು ಕಿಟಕಿಯಿಂದ ನೋಡುತ್ತಿದ್ದೆವು. ಟ್ರಿಪಲ್ ಜೆ ಎಂಬ ರೇಡಿಯೋ ಮಾತ್ರ ನನ್ನ ಪಾಸ್‌ಪೋರ್ಟ್ ಕೇಳಲಿಲ್ಲ. ಈ ವರ್ಷ ನಿನಗೆ ಇಷ್ಟವಾದ ಹತ್ತು ಹಾಡು ಯಾವುವು ಎಂದಷ್ಟೇ ಕೇಳಿತು.

ಕಾರ್ಯಕ್ರಮದ ಹೆಸರು 'ಹಾಟೆಸ್ಟ್ 100'. ವರ್ಷದಲ್ಲಿ ಬಂದ ಹಾಡುಗಳಲ್ಲಿ ಹತ್ತನ್ನು ಕೇಳುಗರು ಆರಿಸುತ್ತಾರೆ. ಆ ಹತ್ತರಲ್ಲಿ ಮೇಲುಕೀಳಿಲ್ಲ, ಪ್ರತಿಯೊಂದಕ್ಕೂ ಒಂದೇ ಮತ. ಎಲ್ಲವನ್ನೂ ಎಣಿಸಿ, ಹೆಚ್ಚು ಮತ ಬಿದ್ದ ನೂರು ಹಾಡುಗಳನ್ನು ಜನವರಿಯ ಕೊನೆಗೆ ಒಂದೇ ದಿನ ನೂರರಿಂದ ಹಿಡಿದು ಒಂದರವರೆಗೆ ಕೇಳಿಸುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ಮುಗಿಯುವಾಗ ರಾತ್ರಿ ಎಂಟರ ಹತ್ತಿರ. ಜನವರಿ ಇಲ್ಲಿ ಕಡುಬೇಸಿಗೆ, ಶಾಲೆಗಳಿಗೆ ರಜೆ. ಹಿತ್ತಿಲಿನಲ್ಲಿ ಬಾರ್ಬೆಕ್ಯೂ, ಮಕ್ಕಳಿಗೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ಬೇಲಿಯಾಚೆಗೂ ಕೇಳುವಷ್ಟು ಜೋರಾಗಿ ರೇಡಿಯೋ. ಒಂದು ಬೀದಿಯ ಹತ್ತು ಮನೆಗಳಲ್ಲಿ ಒಂದೇ ಹೊತ್ತಿಗೆ ಒಂದೇ ಹಾಡು ಕೇಳುವುದು ಈ ಕಾಲದಲ್ಲಿ ಎಷ್ಟು ಅಪರೂಪ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅದನ್ನು ಮೊದಲು ಕೇಳಿದ್ದು ಕೆಲಸದ ಜಾಗದಲ್ಲಿ. 2010ರ ಜನವರಿ 26, ಮಂಗಳವಾರ. ಮೆಲ್ಬೋರ್ನಿನ ಪಶ್ಚಿಮಕ್ಕಿರುವ ಫುಟ್ಸ್‌ಕ್ರೇಯ ಒಂದು ಕೇಟರಿಂಗ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವ ಕೆಲಸ ನನ್ನದು. ಸಾರ್ವಜನಿಕ ರಜೆಯ ದಿನ ದುಡಿದರೆ ಸಂಬಳ ದುಪ್ಪಟ್ಟಿಗೂ ಹೆಚ್ಚು. ಕಾಲೇಜು ರಜೆಯಲ್ಲಿ ವಿದ್ಯಾರ್ಥಿಗಳಿಗೆ ಗಂಟೆಗಳ ಮಿತಿಯೂ ಇರಲಿಲ್ಲ. ಹಾಗಾಗಿ ಆ ಶಿಫ್ಟಿಗೆ ನಮ್ಮೊಳಗೇ ಪೈಪೋಟಿ. ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್ ಮಾಡಿ ಗಣರಾಜ್ಯೋತ್ಸವದ ಶುಭಾಶಯ ಹೇಳಿದ್ದೆ. ಅಮ್ಮ ಶುಭಾಶಯವನ್ನು ಕೇಳಿಸಿಕೊಳ್ಳದೆ, "ಕತ್ತಲಾಗೂದ್ರಾಗ ಮನಿ ಸೇರ್ತೀಯಿಲ್ಲೋ?" ಎಂದು ಮತ್ತೆ ಮತ್ತೆ ಕೇಳಿದ್ದಳು. ಅವಳ ಭಯಕ್ಕೆ ಕಾರಣವಿತ್ತು. ಅದೇ ತಿಂಗಳ ಮೊದಲ ವಾರ, ನಮ್ಮ ಪಶ್ಚಿಮದ ಕಡೆಯ ಪಾರ್ಕೊಂದರಲ್ಲಿ, ರಾತ್ರಿ ಕೆಲಸಕ್ಕೆ ನಡೆದು ಹೋಗುತ್ತಿದ್ದ ಭಾರತೀಯ ಯುವಕನೊಬ್ಬನನ್ನು ಇರಿದು ಕೊಂದಿದ್ದರು. ಹಿಂದಿನ ವರ್ಷವಿಡೀ ಭಾರತೀಯ ವಿದ್ಯಾರ್ಥಿಗಳ ಮೇಲಿನ ಹಲ್ಲೆಯ ಸುದ್ದಿ ನಮ್ಮ ಟಿವಿಗಳಲ್ಲಿ ತುಂಬಿತ್ತು. ರೈಲಿನಲ್ಲಿ ಕೂತಾಗ ಫೋನಿನಲ್ಲಿ ಕನ್ನಡ ಮಾತಾಡಲೂ ಹಿಂಜರಿಯುವಂತಿದ್ದ ದಿನಗಳು ಅವು.

ಅಡುಗೆಮನೆಯ ಸ್ಟೀಲ್ ಕಪಾಟಿನ ಮೇಲೆ ಎಣ್ಣೆಜಿಡ್ಡು ಹಿಡಿದ ರೇಡಿಯೋ ಇತ್ತು. ಮುರಿದ ಆ್ಯಂಟೆನಾಕ್ಕೆ ಯಾರೋ ಅಲ್ಯೂಮಿನಿಯಂ ಹಾಳೆ ಸುತ್ತಿದ್ದರು. ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಹಾಳೆ ಅಂಟಿಸಿ ನೂರರಿಂದ ಒಂದರವರೆಗೆ ಬರೆದಿದ್ದರು. ಹಾಡು ಬಂದಂತೆಲ್ಲ ಕೈ ಒರೆಸಿಕೊಂಡವರು ಹೋಗಿ ಮಾರ್ಕರ್ ಪೆನ್ನಿನಲ್ಲಿ ಅದರ ಹೆಸರು ತುಂಬಬೇಕು. ಪಾತ್ರೆ ತೊಳೆಯುವ ಹುಡುಗಿಯೊಬ್ಬಳು ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿಕೊಂಡು ಬಂದು, ಎತ್ತು ಎಂದಳು. ಒಂದೊಂದು ಚೀಟಿಯಲ್ಲಿ ಒಂದೊಂದು ಹಾಡು, ತಲೆಗೆ ಐದು ಡಾಲರ್. ಯಾರ ಚೀಟಿಯ ಹಾಡು ಎಲ್ಲಕ್ಕಿಂತ ಮೇಲಕ್ಕೆ ಹೋಗುತ್ತದೋ ಅವರಿಗೆ ಡಬ್ಬಿಯ ದುಡ್ಡು. ನನ್ನ ಚೀಟಿಯ ಹಾಡು ಎಂಬತ್ತರ ಸುಮಾರಿಗೇ ಬಂದುಹೋಯಿತು. ಆದರೆ ಅದು ಬಂದಾಗ ಇಡೀ ಅಡುಗೆಮನೆ ನನ್ನ ಕಡೆ ತಿರುಗಿ ಕೂಗಿತು. ಹೆಸರು ಬರೆಯಲು ಮಾರ್ಕರ್ ನನ್ನ ಕೈಗೆ ಬಂತು. ಅಲ್ಲಿಯವರೆಗೆ ಆ ಜಾಗದಲ್ಲಿ ನನ್ನನ್ನು ಕರೆಯುತ್ತಿದ್ದುದು ಇನ್ನೊಂದು ಮೂಟೆ ತರಲು ಮಾತ್ರ.

ಆ ವರ್ಷ ಮೊದಲ ಸ್ಥಾನ ಬ್ರಿಟನ್ನಿನ ಮಮ್‌ಫರ್ಡ್ ಆ್ಯಂಡ್ ಸನ್ಸ್ ತಂಡದ 'ಲಿಟಲ್ ಲಯನ್ ಮ್ಯಾನ್'ಗೆ. ಬ್ಯಾಂಜೋದ ಆ ಓಡುನಡೆಯ ನುಡಿಸಾಣಿಕೆ ಇವತ್ತು ಎಲ್ಲಿ ಕೇಳಿದರೂ ನನಗೆ ಆಲೂಗಡ್ಡೆಯ ಹಸಿ ಮಣ್ಣಿನ ವಾಸನೆ ಬರುತ್ತದೆ.

ಟ್ರಿಪಲ್ ಜೆ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಯುವಜನರ ವಾಹಿನಿ, ಜಾಹೀರಾತಿಲ್ಲ. 1975ರ ಜನವರಿಯಲ್ಲಿ ಸಿಡ್ನಿಯಲ್ಲಿ ಡಬಲ್ ಜೆ ಎಂಬ ಹೆಸರಿನಿಂದ ಶುರುವಾಗಿ, ಎಫ್‌ಎಂಗೆ ಬಂದಾಗ ಇನ್ನೊಂದು ಜೆ ಸೇರಿತು. 1989ರಲ್ಲಿ ಹಾಟೆಸ್ಟ್ 100 ಹುಟ್ಟಿದಾಗ ಯಾವ ವರ್ಷದ ಹಾಡಿಗೆ ಬೇಕಾದರೂ ಮತ ಹಾಕಬಹುದಿತ್ತು. ಅದರಿಂದಾದ ತೊಂದರೆಯೆಂದರೆ ಮೊದಲೆರಡು ಸಲವೂ ಜಾಯ್ ಡಿವಿಷನ್ ತಂಡದ ಒಂದೇ ಹಾಡು ಗೆದ್ದಿತು. ಹಳೆಯ ಪ್ರೀತಿ ಅಷ್ಟು ಬೇಗ ಬದಲಾಗುವುದಿಲ್ಲವಲ್ಲ. 1993ರಿಂದ ಆಯಾ ವರ್ಷದ ಹಾಡುಗಳಿಗೆ ಮಾತ್ರ ಮತ ಎಂದಾಯಿತು. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಜೀವ ಈ ಒಂದು ನಿಯಮದಲ್ಲಿದೆ. ಸಾರ್ವಕಾಲಿಕ ಶ್ರೇಷ್ಠ ಯಾವುದು ಎಂದು ಕೇಳಿದರೆ ಜನ ತಮ್ಮ ಘನತೆ ನೋಡಿಕೊಂಡು ಉತ್ತರ ಕೊಡುತ್ತಾರೆ. ಈ ವರ್ಷ ಯಾವುದು ನಿನ್ನ ಜೊತೆಗಿತ್ತು ಎಂದು ಕೇಳಿದರೆ ನಿಜ ಹೇಳುತ್ತಾರೆ.

2011ರಲ್ಲಿ ನನ್ನ ಜೊತೆಗಿದ್ದದ್ದು ಗೋಟ್ಯೆಯ ಹಾಡು, 'ಸಮ್‌ಬಡಿ ದಟ್ ಐ ಯೂಸ್ಡ್ ಟು ನೋ'. ಗೋಟ್ಯೆ ಹುಟ್ಟಿದ್ದು ಬೆಲ್ಜಿಯಂನಲ್ಲಿ. ಎಳವೆಯಲ್ಲೇ ಅಪ್ಪ ಅಮ್ಮನ ಜೊತೆ ಆಸ್ಟ್ರೇಲಿಯಾಕ್ಕೆ ಬಂದವನು. ಮೆಲ್ಬೋರ್ನಿನ ದಕ್ಷಿಣಕ್ಕೆ ಸಮುದ್ರಕ್ಕೆ ಚಾಚಿಕೊಂಡಿರುವ ಮಾರ್ನಿಂಗ್ಟನ್ ಪೆನಿನ್ಸುಲಾದಲ್ಲಿ ಅಪ್ಪ ಅಮ್ಮನ ಜಮೀನಿನಲ್ಲಿದ್ದ ಕೊಟ್ಟಿಗೆಯೇ ಅವನ ಸ್ಟುಡಿಯೋ. ಜೊತೆಗೆ ಹಾಡಿದ ಕಿಂಬ್ರಾ ನ್ಯೂಜಿಲೆಂಡಿನವಳು. ಆ ಡಿಸೆಂಬರಿನಲ್ಲಿ ಮತದಾನ ತೆರೆದಾಗ ನಾನೂ ನನ್ನ ಗಂಡನೂ ಲ್ಯಾಪ್‌ಟಾಪ್ ಮುಂದೆ ಕೂತು ಊಟದ ಹೊತ್ತು ಮೀರುವವರೆಗೆ ಚರ್ಚೆ ಮಾಡಿದೆವು. ಅವರು ಒಂದೂ ಬಿಡದೆ ರಾಕ್ ಹಾಡುಗಳನ್ನು ಆರಿಸಿದರು. ನಾನು ಗೋಟ್ಯೆಯಿಂದ ಶುರು ಮಾಡಿದೆ. 2012ರ ಜನವರಿ 26ರ ಸಂಜೆ ಆ ಹಾಡು ಮೊದಲ ಸ್ಥಾನದಲ್ಲಿ ಮೊಳಗಿತು. ಬೇಲಿಯಾಚೆ ಪಕ್ಕದ ಮನೆಯವರು ಕೂಗಿದ ಕೂಗಿಗೆ ನಾವು ಈಚೆಯಿಂದ ಕೂಗಿದೆವು. ಅಷ್ಟು ಮತಗಳಲ್ಲಿ ನನ್ನದೂ ಒಂದು ಎಂಬ ಸಂತೋಷ ಸಣ್ಣದಾಗಿರಲಿಲ್ಲ. ಮುಂದೆ ಪೌರತ್ವ ಸಿಕ್ಕಿ ಚುನಾವಣೆಯಲ್ಲಿ ಮತ ಹಾಕಿದಾಗಲೂ ಆ ಸಂತೋಷ ಅಷ್ಟು ತೀವ್ರವಾಗಿ ಬರಲಿಲ್ಲ.

ಮರುವರ್ಷ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಹಾಡು ಎಂದರೆ ಅವರಿಗೆ ರೇಡಿಯೋ, ರೇಡಿಯೋ ಎಂದರೆ ಸಿಲೋನ್. ನಮ್ಮ ಹಿತ್ತಿಲಿನ ನಿಂಬೆಗಿಡದ ಪಕ್ಕ ಕುರ್ಚಿ ಹಾಕಿಸಿಕೊಂಡು, ಮೂವತ್ತೈದನೆಯ ಹಾಡು, ಮೂವತ್ತನಾಲ್ಕನೆಯ ಹಾಡು ಎಂದು ಲೆಕ್ಕ ಇಳಿಯುವುದನ್ನು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಆಮೇಲೆ, "ಇದು ನಮ್ಮ ಬಿನಾಕಾನ ಅಲ್ಲೇನವಾ?" ಎಂದರು.

ಹೌದು, ಅದರ ತಂಗಿ ಎನ್ನಬಹುದು. ಸಿನಿಮಾ ಹಾಡೆಂದರೆ ಆಕಾಶವಾಣಿ ಮೂಗು ಮುರಿಯುತ್ತಿದ್ದ ಕಾಲ, ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದಾಗ, 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಮುಂಬಯಿಯಲ್ಲಿ ಅಮೀನ್ ಸಯಾನಿ ಧ್ವನಿಮುದ್ರಿಸಿದ ಟೇಪು ಕೊಲಂಬೊಗೆ ಹೋಗಿ, ಬುಧವಾರ ರಾತ್ರಿ ಎಂಟಕ್ಕೆ ಅಲ್ಲಿಂದ ಗಾಳಿಯಲ್ಲಿ ತೇಲಿ ಹುಬ್ಬಳ್ಳಿಯ ಗಲ್ಲಿಗಳನ್ನು ಮುಟ್ಟುತ್ತಿತ್ತು. ಸ್ಟೇಷನ್ ಜಾರಿಹೋಗದಂತೆ ಅಪ್ಪನ ದೊಡ್ಡಣ್ಣ ಕಾರ್ಯಕ್ರಮ ಮುಗಿಯುವವರೆಗೂ ತಿರುಗುಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿರುತ್ತಿದ್ದರಂತೆ. ವರ್ಷದ ಕೊನೆಗೆ ವಾರ್ಷಿಕ ಪಟ್ಟಿಯ ವಿಶೇಷ ಕಾರ್ಯಕ್ರಮ. ಅಪ್ಪ ಅದನ್ನು ರೂಲು ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. 1966ಕ್ಕೆ 'ಸೂರಜ್' ಚಿತ್ರದ ಹಾಡು, 1967ಕ್ಕೆ 'ಮಿಲನ್' ಚಿತ್ರದ ಹಾಡು ತುದಿಯಲ್ಲಿ. ಆ ನೋಟ್‌ಬುಕ್ಕನ್ನು ಚಿಕ್ಕವಳಿದ್ದಾಗ ನಾನೂ ನೋಡಿದ್ದೇನೆ. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿ, ಕ್ರಮಸಂಖ್ಯೆ ಕೆಂಪು ಶಾಯಿಯಲ್ಲಿ. ಇಷ್ಟವಿಲ್ಲದ ಹಾಡು ಮೇಲೆ ಬಂದಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

"ಇದಕ್ಕ ವೋಟ್ ಹಾಕಾವ್ರು ಯಾರು?" ಎಂದು ಅಪ್ಪ ಕೇಳಿದರು. ಯಾರು ಬೇಕಾದರೂ, ಒಬ್ಬರಿಗೆ ಹತ್ತು ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. ಗೀತ್‌ಮಾಲಾದ ಸ್ಥಾನಗಳು ನಿರ್ಧಾರವಾಗುತ್ತಿದ್ದುದು ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕ ಮತ್ತು ಶ್ರೋತೃಸಂಘಗಳ ಪತ್ರಗಳಿಂದ. "ನಮ್ಮನ್ಯಾಗ ಗ್ರಾಮಫೋನ್ ಎಲ್ಲಿತ್ತು? ರಿಕಾರ್ಡ್ ಕೊಳ್ಳಾವ್ರ ಲೆಕ್ಕಾನ ಬ್ಯಾರೆ. ನಾವು ಒಂದು ಕಾರ್ಡ್ ಬರದು ಹಾಕಿದ್ರ ಅದು ಮುಟ್ಟೇತೋ ಇಲ್ಲೋ ಯಾರಿಗ್ ಗೊತ್ತು. ಇದು ಚಲೋ ಐತಿ," ಎಂದರು. ಅಪ್ಪ ಆಸ್ಟ್ರೇಲಿಯಾದಲ್ಲಿ ಮನಸಾರೆ ಹೊಗಳಿದ್ದು ಎರಡನ್ನು, ಹಾಲು ಮತ್ತು ಹಾಟೆಸ್ಟ್ 100.

ಆ ವರ್ಷ ಒಂದು ಗುಟ್ಟು ಬಯಲಾಗಿತ್ತು. ತಾವು ಯಾವುದಕ್ಕೆ ಮತ ಹಾಕಿದೆವೆಂದು ಜನ ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಂಡದ್ದನ್ನೆಲ್ಲ ಒಟ್ಟುಮಾಡಿ, ಕೆಲವರು ಇಡೀ ಪಟ್ಟಿಯನ್ನು ಮುಂಚಿತವಾಗಿ ಲೆಕ್ಕ ಹಾಕಿ 'ವಾರ್ಮೆಸ್ಟ್ 100' ಎಂದು ಪ್ರಕಟಿಸಿಬಿಟ್ಟಿದ್ದರು. ನನ್ನ ಗಂಡ ಅದನ್ನು ಓದಿದ್ದರು. ಬಾಯಿ ಬಿಟ್ಟರೆ ರಾತ್ರಿ ಊಟವಿಲ್ಲ ಎಂದು ಅಮ್ಮ ಅಳಿಯನಿಗೆ ತಾಕೀತು ಮಾಡಿದಳು. ಅಮೆರಿಕದ ಮ್ಯಾಕ್ಲಮೋರ್ ಮತ್ತು ರಯಾನ್ ಲೂಯಿಸ್ ಅವರ 'ಥ್ರಿಫ್ಟ್ ಶಾಪ್' ಗೆದ್ದಾಗ ಅದು ಬಳಸಿದ ಬಟ್ಟೆ ಮಾರುವ ಅಂಗಡಿಯ ಹಾಡು ಎಂದು ಅಪ್ಪನಿಗೆ ಹೇಳಿದೆ. ಅವರು ಹಿಂದಿನ ವಾರವಷ್ಟೇ ಅಂಥದ್ದೇ ಅಂಗಡಿಯಲ್ಲಿ ಎಂಟು ಡಾಲರಿಗೆ ಒಂದು ಉಣ್ಣೆಯ ಕೋಟು ಕೊಂಡಿದ್ದರು. "ಹಳೇ ಅರಿವಿ ಅಂಗಡಿ ಮ್ಯಾಲೂ ಹಾಡು ಕಟ್ಟ್ಯಾರಾ?" ಎಂದು ಎದ್ದು ಹೋಗಿ ಆ ಬಿಸಿಲಿನಲ್ಲೂ ಕೋಟು ಹಾಕಿಕೊಂಡು ಬಂದು ಕೂತರು.

ಜನವರಿ 26 ನನಗೆ ಹುಟ್ಟಿನಿಂದ ಬಂದ ದಿನ. ಶಾಲೆಯ ಧ್ವಜಾರೋಹಣ, ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮು, ಮರಳುವಾಗ ಅಂಗೈಯಲ್ಲಿ ಅಂಟುವ ಪೆಪ್ಪರ್‌ಮಿಂಟು. ನಮ್ಮ ಸಂವಿಧಾನ 1950ರಲ್ಲಿ ಜಾರಿಗೆ ಬರಲು ಆ ದಿನವನ್ನೇ ಆರಿಸಿದ್ದು 1930ರ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ನೆನಪಿಗೆ. ಎರಡೂ ದೇಶಗಳಿಗೆ ಒಂದೇ ದಿನ ಹಬ್ಬ ಎಂಬುದು ಇಲ್ಲಿನ ಭಾರತೀಯರಿಗೆಲ್ಲ ಖುಷಿಯ ಸಂಗತಿ. ಬೆಳಿಗ್ಗೆ ನಮ್ಮ ಧ್ವಜ, ಮಧ್ಯಾಹ್ನ ಇವರ ಹಾಡು.

ಆದರೆ ಇಲ್ಲಿನ 26 ಬೇರೆ. 1788ರಲ್ಲಿ ಆರ್ಥರ್ ಫಿಲಿಪ್ ಕೈದಿಗಳ ಹಡಗುಗಳೊಂದಿಗೆ ಬಂದು ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ಬಾವುಟ ಏರಿಸಿದ ದಿನ ಅದು. ಸಾಮ್ರಾಜ್ಯ ಹೊರಟುಹೋದದ್ದಕ್ಕೆ ನಮ್ಮ ಹಬ್ಬ, ಸಾಮ್ರಾಜ್ಯ ಬಂದಿಳಿದದ್ದಕ್ಕೆ ಇವರ ಹಬ್ಬ. ಈ ನೆಲದ ಮೂಲನಿವಾಸಿಗಳು 1938ರಲ್ಲೇ, ಬಂದಿಳಿದದ್ದರ ನೂರೈವತ್ತನೆಯ ವರ್ಷದ ಸಂಭ್ರಮದ ನಡುವೆ, ಸಿಡ್ನಿಯಲ್ಲಿ ಸೇರಿ ಇದು ಶೋಕದ ದಿನ ಎಂದು ಘೋಷಿಸಿದ್ದರು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದುವ ಮೊದಲೇ ಹಾಡಿನಲ್ಲಿ ಕೇಳಿದೆ. ಬ್ರಿಗ್ಸ್ ಮತ್ತು ಟ್ರಯಲ್ಸ್ ಎಂಬ ಇಬ್ಬರು ಮೂಲನಿವಾಸಿ ರ‍್ಯಾಪರ್‌ಗಳ ಎ.ಬಿ. ಒರಿಜಿನಲ್ ತಂಡ 'ಜನವರಿ 26' ಎಂಬ ಹೆಸರಿನಲ್ಲೇ ಹಾಡು ಮಾಡಿತು, ಜೊತೆಗೆ ಡ್ಯಾನ್ ಸುಲ್ತಾನ್ ಹಾಡಿದ್ದರು. ಆ ದಿನವನ್ನು ಸಂಭ್ರಮಿಸುವುದನ್ನು ನೇರಾನೇರ ಪ್ರಶ್ನಿಸುವ ಹಾಡು. ಕೇಳುಗರು ಅದಕ್ಕೆ ಎಷ್ಟು ಮತ ಹಾಕಿದರೆಂದರೆ 2016ರ ಪಟ್ಟಿಯಲ್ಲಿ ಹದಿನಾರನೆಯ ಸ್ಥಾನ ಬಂತು. 2017ರ ಜನವರಿ 26ರಂದು, ಬಾವುಟದ ಟೋಪಿ ಹಾಕಿಕೊಂಡು ಮಾಂಸ ಸುಡುತ್ತಿದ್ದ ಹಿತ್ತಿಲುಗಳಲ್ಲೆಲ್ಲ ಆ ಹಾಡು ಮೊಳಗಿತು. ನಮ್ಮ ಹಿತ್ತಿಲಿನಲ್ಲಿ ನೆಂಟರಿದ್ದರು. ಮಾತು ನಿಂತಿತು. ನನಗೆ ಮೈ ಜುಮ್ಮೆಂದಿತು. ಯಾರ ಮನೆಯಂಗಳದ ಹಬ್ಬವೋ ಅವರೇ ಬಂದು ಇದು ನಮ್ಮ ಸೂತಕ ಎಂದು ಹೇಳಿದ ಮೇಲೆ ಎಲೆಯ ಮುಂದೆ ಕೂತಿರಲು ಹೇಗೆ ಸಾಧ್ಯ?

ಆ ವರ್ಷ ಟ್ರಿಪಲ್ ಜೆ ತನ್ನ ಕೇಳುಗರನ್ನೇ ಕೇಳಿತು, ಹಾಟೆಸ್ಟ್ 100ರ ದಿನ ಬದಲಿಸೋಣವೇ ಎಂದು. ಸುಮಾರು 65,000 ಜನ ಉತ್ತರಿಸಿದರು, ಶೇಕಡಾ 60ರಷ್ಟು ಜನ ಹೌದು ಎಂದರು. ಆ ಹೌದುಗಳಲ್ಲಿ ನನ್ನದೂ ಒಂದು. ನವೆಂಬರಿನಲ್ಲಿ ವಾಹಿನಿ ತೀರ್ಮಾನ ಪ್ರಕಟಿಸಿತು: ಇನ್ನು ಮುಂದೆ ಜನವರಿಯ ನಾಲ್ಕನೆಯ ವಾರಾಂತ್ಯ. ಸರ್ಕಾರದ ಸಂವಹನ ಸಚಿವರು ಬಹಿರಂಗವಾಗಿ ಟೀಕಿಸಿದರು. ನಮ್ಮ ಕನ್ನಡದ ಗೆಳೆಯರಲ್ಲೂ ಕೆಲವರಿಗೆ ಸಿಟ್ಟು. ಹಾಡಿನಲ್ಲಿ ರಾಜಕೀಯ ಯಾಕೆ ಎಂದರು. ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಪ್ರಭಾತಫೇರಿಯಲ್ಲಿ ಹಾಡಿ ಹಾಡಿಯೇ ಸ್ವಾತಂತ್ರ್ಯದ ಮಾತನ್ನು ಊರೂರಿಗೆ ಮುಟ್ಟಿಸಿದ ನಾಡಿನವರು ನಾವು.

2018ರಲ್ಲಿ 26 ಶುಕ್ರವಾರ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಗರದ ಪಾರ್ಲಿಮೆಂಟ್ ಮೆಟ್ಟಿಲುಗಳ ಬಳಿ ಮೂಲನಿವಾಸಿಗಳ ಮೆರವಣಿಗೆಗೆ ಹೋದೆ. ಕಪ್ಪು, ಹಳದಿ, ಕೆಂಪಿನ ಬಾವುಟಗಳು, ಕಣ್ಣು ಹಾಯುವಷ್ಟು ದೂರ ಜನ. ಮರುದಿನ ಶನಿವಾರ ಮನೆಯಲ್ಲಿ ಹಾಟೆಸ್ಟ್ 100 ಕೇಳಿದೆವು. ಕೆಂಡ್ರಿಕ್ ಲಮಾರ್ ಗೆದ್ದ. ದಿನ ಬದಲಾದರೆ ಕಾರ್ಯಕ್ರಮ ಸಾಯುತ್ತದೆ ಎಂದವರಿದ್ದರು. 2019ರ ಪಟ್ಟಿಗೆ ಬಿದ್ದ ಮತಗಳು 32 ಲಕ್ಷ ದಾಟಿದವು.

ಅದೇ 2019ರ ಪಟ್ಟಿಯಲ್ಲಿ ಬಿಲ್ಲಿ ಐಲಿಷ್ ಗೆದ್ದಳು. ಒಂಟಿಯಾಗಿ ಹಾಡುವ ಹೆಣ್ಣೊಬ್ಬಳು ಮೊದಲ ಸ್ಥಾನಕ್ಕೆ ಬಂದದ್ದು ಈ ಪಟ್ಟಿಯ ಚರಿತ್ರೆಯಲ್ಲಿ ಅದೇ ಮೊದಲು. ಅಷ್ಟು ವರ್ಷ ಬೇಕಾಯಿತು. ಅದರ ಬಗ್ಗೆ ಬೇಸರವೂ ಇದೆ ನನಗೆ. ಮತ ಎಲ್ಲರದೂ ಸಮ ಎಂದಮಾತ್ರಕ್ಕೆ ಕಿವಿಗಳೂ ಸಮ ಆಗಿಬಿಡುವುದಿಲ್ಲ. 2009ರಲ್ಲಿ ನಡೆಸಿದ ಸಾರ್ವಕಾಲಿಕ ಹಾಡುಗಳ ವಿಶೇಷ ಮತದಾನದಲ್ಲಿ ಹೆಣ್ಣು ದನಿಗೆ ಹೆಚ್ಚುಕಡಿಮೆ ಜಾಗವೇ ಇಲ್ಲದಂತಾಗಿ ದೊಡ್ಡ ವಾದವಾಗಿತ್ತು.

ನನ್ನ ಮಗಳ ಪಾಲಿಗೆ ಹಾಟೆಸ್ಟ್ 100 ಶುರುವಾಗುವುದು 2022ರ ಜನವರಿಯಿಂದ. ಮೆಲ್ಬೋರ್ನಿನಲ್ಲಿ ಕೋವಿಡ್ ಲಾಕ್‌ಡೌನ್ ಒಟ್ಟು 262 ದಿನ ಇತ್ತು, ಕೊನೆಯದು ಮುಗಿದದ್ದು 2021ರ ಅಕ್ಟೋಬರಿನಲ್ಲಿ. ಅವಳು ಒಂದನೆಯ ತರಗತಿಯ ದೊಡ್ಡ ಭಾಗವನ್ನು ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಓದಿದವಳು. ಮತ್ತೂ ಸಣ್ಣವಳಿದ್ದಾಗ ಅವಳಿಗೆ ಅನ್ನ ತಿನ್ನಿಸುತ್ತಿದ್ದುದು ನಾನು ಎನ್ನುವುದಕ್ಕಿಂತ 'ದ ವಿಗಲ್ಸ್' ಎನ್ನಬೇಕು. ಕೆಂಪು, ಹಳದಿ, ನೀಲಿ, ನೇರಳೆ ಅಂಗಿ ತೊಟ್ಟು ಪುಟ್ಟ ಮಕ್ಕಳಿಗಾಗಿ ಹಾಡಿ ಕುಣಿಯುವ, 1991ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ತಂಡ ಅದು. ಅವರು ಟ್ರಿಪಲ್ ಜೆ ಸ್ಟುಡಿಯೋಗೆ ಬಂದು, ಟೇಮ್ ಇಂಪಾಲಾ ತಂಡದ 'ಎಲಿಫೆಂಟ್' ಹಾಡಿನೊಳಗೆ ತಮ್ಮ 'ಫ್ರೂಟ್ ಸಲಾಡ್' ಹಾಡನ್ನು ಬೆರೆಸಿ ಹಾಡಿದ್ದರು. ಅದೇ ಮೊದಲ ಸ್ಥಾನಕ್ಕೆ ಬಂತು. ಮಗಳು ಸೋಫಾದ ಮೇಲೆ ಹತ್ತಿ ಕುಣಿದಳು. ಮಕ್ಕಳ ಹಾಡು ಗೆಲ್ಲಿಸಿ ಪಟ್ಟಿಯ ಮಾನ ತೆಗೆದರು, ಮತದಾರರು ತಮಾಷೆ ಮಾಡಿದ್ದಾರೆ ಎಂದು ಮರುದಿನ ಎಷ್ಟೋ ಜನ ಬರೆದರು. ನನಗೆ ಹಾಗನ್ನಿಸಲಿಲ್ಲ. ಇಪ್ಪತ್ತು ಇಪ್ಪತ್ತೈದರ ಮತದಾರರು ವಿಗಲ್ಸ್ ಹಾಡುಗಳನ್ನು ಕೇಳಿಯೇ ಬೆಳೆದವರು. ಎರಡು ವರ್ಷ ಅಂಥ ದಿನ ಕಂಡವರಿಗೆ ತಮ್ಮನ್ನು ತೊದಲುನುಡಿಯ ಕಾಲದಲ್ಲಿ ನಗಿಸಿದ ದನಿ ಮತ್ತೆ ಕೇಳಬೇಕೆನ್ನಿಸಿದ್ದರಲ್ಲಿ ತಪ್ಪೇನು? ಆ ವರ್ಷ ಅವರ ಜೊತೆಗಿದ್ದದ್ದು ಅದು. ನಿಜವನ್ನೇ ಹೇಳಿದರು.

ಈಗಿನ ಚಿಂತೆ ಬೇರೆ. 2024ರ ಪಟ್ಟಿಯಲ್ಲಿ ಅಮೆರಿಕದ ಚಾಪೆಲ್ ರೋನ್ ಗೆದ್ದಳು, ಒಳ್ಳೆಯ ಹಾಡೇ. ಆದರೆ ನೂರರಲ್ಲಿ ಆಸ್ಟ್ರೇಲಿಯಾದ ಹಾಡುಗಳು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಹಿಂದೆ ಅರ್ಧದ ಆಸುಪಾಸು ಇರುತ್ತಿದ್ದವು. ಯಾವ ಹಾಡು ಕಿವಿಗೆ ಬೀಳಬೇಕು ಎಂಬುದನ್ನು ಫೋನಿನ ಆ್ಯಪ್ ನಿರ್ಧರಿಸುವಾಗ ಪಕ್ಕದ ಊರಿನ ಹುಡುಗಿ ಹಾಡಿದ್ದು ನಮ್ಮ ತನಕ ಬರುವುದೇ ಇಲ್ಲ. ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡ ಹಾಡು ಕೇಳಿಸಿ ಎಂದು ಜನ ಜಗಳವಾಡಬೇಕಾಗಿ ಬಂದ ದಿನಗಳನ್ನು ಕಂಡವಳಿಗೆ ಇದು ದೂರದ ಸಮಸ್ಯೆಯಲ್ಲ. 2025ರ ಜುಲೈನಲ್ಲಿ, ವಾಹಿನಿಯ ಐವತ್ತನೆಯ ವರ್ಷಕ್ಕೆಂದು, ಆಸ್ಟ್ರೇಲಿಯಾದ ಹಾಡುಗಳಿಗೆ ಮಾತ್ರ ಒಂದು ವಿಶೇಷ ಹಾಟೆಸ್ಟ್ 100 ನಡೆಸಿದರು. ಇನ್ಎಕ್ಸ್ಎಸ್ ತಂಡದ 'ನೆವರ್ ಟೇರ್ ಅಸ್ ಅಪಾರ್ಟ್' ಗೆದ್ದಿತು. ನಡುಚಳಿಗಾಲದ ಆ ಶನಿವಾರ ಹೀಟರಿನ ಮುಂದೆ ಕಂಬಳಿ ಹೊದ್ದು ಕೇಳಿದೆವು. ಎಷ್ಟು ಹಾಡುಗಳು ನನಗೆ ಬಾಯಿಪಾಠ ಬರುತ್ತವೆ ಎಂದು ಮಗಳಿಗೇ ಆಶ್ಚರ್ಯ.

ಆ ಗುಂಗಿನಲ್ಲಿ ಮನೆಯಲ್ಲಿ ಒಂದು ನಿಯಮ ಮಾಡಿದೆ, ಹತ್ತರಲ್ಲಿ ಕನಿಷ್ಠ ಆರು ಇಲ್ಲಿನವರದಾಗಿರಬೇಕು. ಮಗಳು ಒಪ್ಪಲಿಲ್ಲ.

"ಅಮ್ಮಾ, ಇಷ್ಟ ಆಗಿದ್ದಕ್ಕೆ ತಾನೇ ವೋಟು?"

"ಕೇಳದೆ ಇಷ್ಟ ಹೇಗಾಗತ್ತೆ? ಮೊದಲು ಇಲ್ಲಿನವರದ್ದು ಕೇಳು."

"ಕೇಳಿಸು ಹಾಗಾದ್ರೆ."

ಹಾಗಾಗಿ ಅವಳನ್ನು ಶಾಲೆಗೆ ಬಿಡುವ ದಾರಿಯಲ್ಲಿ ದಿನಕ್ಕೊಂದು ಹೊಸ ಆಸ್ಟ್ರೇಲಿಯನ್ ಹಾಡು ಹಾಕುತ್ತೇನೆ. ಅವಳು ಹಿಂದಿನ ಸೀಟಿನಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಅಂಕ ಹಾಕುತ್ತಾಳೆ. ಬಹುಪಾಲು ಹಾಡುಗಳಿಗೆ ಐದರ ಮೇಲೆ ಬರುವುದಿಲ್ಲ. ಮೊನ್ನೆ ಒಂದಕ್ಕೆ ಎಂಟು ಕೊಟ್ಟಳು, ಇನ್ನೊಂದು ಸಲ ಹಾಕು ಎಂದಳು.